ರೈಲು ಬಸ್ಸು ನಮ್ಮ ಕೊಪ್ಪಳ ಸೀಮೆಗೆ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮದು ಕುಕನೂರು. ಕಡೆಗೂ ನಮ್ಮೂರಿಗೆ ರೈಲು ಬಂತು, ಖುಷಿಯಾಯ್ತು. ಆದರೆ ಗಾಡಿ ತೀರಾ ಕಡಿಮೆ. ದಿನಾ ಬೆಳಿಗ್ಗೆ ಗದಗಿಗೆ ಹೋಗಿ ಸಂಜೆ ಬರುವವರು ಈಗಲೂ ಬಸ್ಸೇ ಹಿಡಿಯುತ್ತಾರೆ. ನಮ್ಮ ಸೋದರಮಾವ ಸಾಗರದಲ್ಲಿ ನೌಕರಿಯಲ್ಲಿದ್ದಾಗ ಒಂದೇ ಬೋಗಿಯ ರೈಲು ಬಸ್ಸಿನಲ್ಲಿ ಓಡಾಡುತ್ತಿದ್ದರಂತೆ. ಮುಂದೆ ಎಂಜಿನ್ನೇ ಇರುತ್ತಿರಲಿಲ್ಲವಂತೆ. ಇಂಥ ಗಾಡಿ ಎಲ್ಲಿಂದ ಬಂತು? ನಮ್ಮ ಕಡೆ ಯಾಕೆ ಬಿಡಲಿಲ್ಲ? ಈಗ ಕೇಳಿದರೆ ಕೊಡುತ್ತಾರಾ?

ಉತ್ತರ: ನಿಮ್ಮ ಮಾವ ಹತ್ತಿದ ಗಾಡಿಗೆ ಎಂಜಿನ್ ಇತ್ತು. ಅದನ್ನು ಮುಂದೆ ಕಟ್ಟಿರಲಿಲ್ಲ, ಬೋಗಿಯಲ್ಲೇ ಕೂರಿಸಿದ್ದರು. ಬಸ್ಸು, ಲಾರಿಗೆ ಹಾಕುವಂಥ ಡೀಸೆಲ್ ಎಂಜಿನ್, ಎರಡೂ ತುದಿಗೆ ಡ್ರೈವರ್ ಕೂರುವ ಜಾಗ, ನಡುವೆ ಸೀಟುಗಳು. ಹೀಗೆ ತಾನೇ ಓಡುವ ಬೋಗಿಗೆ ರೈಲಿನವರು ರೈಲ್‌ಕಾರ್ ಅನ್ನುತ್ತಾರೆ. ತೀರಾ ಚಿಕ್ಕದಾದರೆ ರೈಲು ಬಸ್ಸು. ಹಲವು ಬೋಗಿ ಜೋಡಿಸಿ ಡೀಸೆಲ್‌ನಲ್ಲಿ ಓಡಿಸಿದರೆ ಡೆಮು, ಕರೆಂಟಿನಲ್ಲಿ ಓಡಿಸಿದರೆ ಮೆಮು. ವಂದೇ ಭಾರತ್ ಕೂಡ ಇದೇ ಮನೆತನದ್ದು. 2024ರಿಂದ ರಾಯಚೂರಿನಲ್ಲಿ ನಿಂತು ಹೋಗುವ ಕಲಬುರಗಿ–ಬೆಂಗಳೂರು ವಂದೇ ಭಾರತ್‌ಗೂ ಬೇರೆ ಎಂಜಿನ್ ಇಲ್ಲ. ಮೋಟರುಗಳು ಬೋಗಿಗಳ ಅಡಿಯಲ್ಲೇ ಇವೆ.

ಇದರಿಂದ ಏನು ಲಾಭ ಅಂತ ಗೊತ್ತಾಗಬೇಕಾದರೆ, ಎಂಜಿನ್ ಕಟ್ಟಿದ ಮಾಮೂಲಿ ಪ್ಯಾಸೆಂಜರ್ ಗಾಡಿ ಕೊನೆಯ ಸ್ಟೇಷನ್ ಮುಟ್ಟಿದಾಗ ಅಲ್ಲೇ ನಿಂತು ನೋಡಬೇಕು. ಜನ ಇಳಿದು ಹೋಗಿರುತ್ತಾರೆ. ಪಾಯಿಂಟ್ಸ್‌ಮನ್ ಎಂಜಿನ್ ಮತ್ತು ಮೊದಲನೇ ಬೋಗಿಯ ನಡುವೆ ಬಗ್ಗಿ ಇಳಿಯುತ್ತಾನೆ. ಬ್ರೇಕ್ ಪೈಪಿನ ನಲ್ಲಿ ಮುಚ್ಚುತ್ತಾನೆ, ಹೋಸ್ ಪೈಪು ಬಿಚ್ಚುತ್ತಾನೆ, ಬುಸ್ ಅಂತ ಗಾಳಿ ಹೋಗುತ್ತದೆ. ಕಪ್ಲಿಂಗ್ ಬಿಡಿಸುತ್ತಾನೆ. ಎಂಜಿನ್ ಮುಂದೆ ಹೋಗಿ, ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ಬದಲಾಗಿ, ಪಕ್ಕದ ಲೂಪ್ ಲೈನಿನಲ್ಲಿ ಹಿಂದಕ್ಕೆ ಓಡಿ, ಗಾಡಿಯ ಇನ್ನೊಂದು ತುದಿಗೆ ಬಂದು ಮೆಲ್ಲಗೆ ತಾಗಿ ನಿಲ್ಲುತ್ತದೆ. ಮತ್ತೆ ಕಪ್ಲಿಂಗ್, ಮತ್ತೆ ಹೋಸ್ ಪೈಪು. ಆಮೇಲೆ ಬ್ರೇಕ್ ಪೈಪಿನಲ್ಲಿ ಗಾಳಿಯ ಪ್ರೆಷರ್ ಏರಬೇಕು. ಎಂಜಿನ್ನಿನಲ್ಲಿ ಮೀಟರ್ 5 ಕೆಜಿ ತೋರಿಸಬೇಕು, ಕೊನೆಯಲ್ಲಿ ಗಾರ್ಡ್ ಹತ್ತಿರ 4.8 ಬರಬೇಕು. ಅದಾದ ಮೇಲೆ ಬ್ರೇಕ್ ಪರೀಕ್ಷೆ. ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಇದಕ್ಕೆಲ್ಲ ಒಂದು ಲೂಪ್ ಲೈನು ಬೇಕು, ಎರಡು ಜೊತೆ ಪಾಯಿಂಟು ಬೇಕು, ಆಳು ಬೇಕು. ಉಗಿ ಎಂಜಿನ್ ಕಾಲದಲ್ಲಿ ಇದರ ಮೇಲೆ ನೀರು ತುಂಬುವುದು, ಬೂದಿ ತೆಗೆಯುವುದು, ಎಂಜಿನ್ ತಿರುಗಿಸುವುದು ಬೇರೆ.

ರೈಲ್‌ಕಾರಿನಲ್ಲಿ ಡ್ರೈವರ್ ತನ್ನ ಕೀಲಿ, ಚೀಲ ತೆಗೆದುಕೊಂಡು ಇನ್ನೊಂದು ತುದಿಗೆ ನಡೆದು ಹೋಗುತ್ತಾನೆ. ಐದು ನಿಮಿಷದಲ್ಲಿ ಗಾಡಿ ವಾಪಸ್ ಹೊರಡಬಹುದು. ಹಾಗಾಗಿ ಅದೇ ಗಾಡಿಯಲ್ಲಿ ದಿನಕ್ಕೆ ಹೆಚ್ಚು ಟ್ರಿಪ್ ಹೊಡೆಯಬಹುದು. ಇದನ್ನು ನೆನಪಿಟ್ಟುಕೊಳ್ಳಿ. ರೈಲ್‌ಕಾರ್ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಅನ್ನುವುದು ಈ ಟ್ರಿಪ್ಪಿನ ಲೆಕ್ಕದಲ್ಲೇ ಇದೆ.

ಶುರುವಾದದ್ದು ಇಂಗ್ಲೆಂಡಿನಲ್ಲಿ. 1840ರ ದಶಕದ ಕೊನೆಯಲ್ಲೇ ವಿಲಿಯಂ ಬ್ರಿಡ್ಜಸ್ ಆ್ಯಡಮ್ಸ್ ಎಂಬ ಎಂಜಿನಿಯರ್ ಉಗಿ ಎಂಜಿನ್ ಮತ್ತು ಬೋಗಿ ಒಂದೇ ಚೌಕಟ್ಟಿನ ಮೇಲಿರುವ ಗಾಡಿ ಮಾಡಿದ್ದ. ಆಗ ಅದು ಬೇರೂರಲಿಲ್ಲ. 1900ರ ಹೊತ್ತಿಗೆ ಊರೂರಿಗೆ ಟ್ರಾಮ್ ಬರತೊಡಗಿತು, ರೈಲಿನವರಿಗೆ ಬಿಸಿ ತಟ್ಟಿತು. 1903ರ ಅಕ್ಟೋಬರಿನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ಸ್ಟ್ರೌಡ್ ಕಣಿವೆಯಲ್ಲಿ ಉಗಿಯ ರೈಲ್‌ಕಾರ್ ಓಡಿಸಿತು. ಜೊತೆಗೆ ಇನ್ನೊಂದು ಕೆಲಸ ಮಾಡಿತು. ದೊಡ್ಡ ಕಟ್ಟಡ, ಸ್ಟೇಷನ್ ಮಾಸ್ಟರ್ ಯಾರೂ ಇಲ್ಲದ ಪುಟ್ಟ ನಿಲ್ದಾಣಗಳನ್ನು ಅಲ್ಲಲ್ಲಿ ತೆರೆಯಿತು. ಟಿಕೆಟ್ಟು ಗಾಡಿಯೊಳಗೇ. ನಾವು ಇವತ್ತು ಹಾಲ್ಟ್ ಸ್ಟೇಷನ್ ಅನ್ನುತ್ತೇವಲ್ಲ, ಅದು ಜೋರಾಗಿ ಹರಡಿದ್ದು ಈ ಗಾಡಿಗಳ ಬೆನ್ನಿಗೇ.

ಜನ ಮುಗಿಬಿದ್ದರು. ಆ ಒಂದು ಕಂಪನಿಯೇ ಐದಾರು ವರ್ಷದಲ್ಲಿ 99 ಉಗಿ ರೈಲ್‌ಕಾರ್ ಕಟ್ಟಿತು. ತೊಂದರೆಯೂ ಅಲ್ಲೇ ಶುರುವಾಯ್ತು. ಜನ ಜಾಸ್ತಿಯಾದಾಗ ಹಿಂದೆ ಇನ್ನೊಂದು ಬೋಗಿ ಸಿಕ್ಕಿಸಬೇಕು. ಆ ಸಣ್ಣ ಎಂಜಿನ್ನಿಗೆ ಏರಿನಲ್ಲಿ ಅದನ್ನು ಎಳೆಯುವ ತಾಕತ್ತಿರಲಿಲ್ಲ. ಎಂಜಿನ್ ರಿಪೇರಿಗೆ ಹೋದರೆ ಬೋಗಿಯೂ ಅದರ ಜೊತೆ ಶೆಡ್ಡಿಗೆ ಹೋಗಬೇಕು, ಕಲ್ಲಿದ್ದಲ ಮಸಿಯಲ್ಲಿ ನಿಂತು ಸೀಟೆಲ್ಲ ಹಾಳು. 1935ರ ಹೊತ್ತಿಗೆ ಕೊನೆಯದನ್ನೂ ತೆಗೆದುಹಾಕಿದರು. ಒಳ್ಳೆಯ ಜನ ಬೆಂಬಲ ಇದ್ದೂ ಸೋತ ಗಾಡಿ ಅದು. ನಮ್ಮ ಕಡೆಯ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಅಮೆರಿಕದಲ್ಲಿ ಪೆಟ್ರೋಲ್ ಎಂಜಿನ್ ಹಾಕಿ ನೋಡಿದರು. 1905ರಿಂದ ಮೆಕೀನ್ ಅನ್ನುವವರ ಕಂಪನಿ ಒಮಾಹಾ ಊರಿನಲ್ಲಿ ಚೂಪು ಮೂತಿ, ಹಡಗಿನಂಥ ದುಂಡು ಕಿಟಕಿಯ ರೈಲ್‌ಕಾರ್ ಮಾಡಿತು. ನೋಡಲು ಚೆಂದ. ಆದರೆ ಹಿಂದಕ್ಕೆ ಹೋಗಬೇಕಾದರೆ ಎಂಜಿನ್ ಪೂರ್ತಿ ನಿಲ್ಲಿಸಿ, ಉಲ್ಟಾ ತಿರುಗುವ ಹಾಗೆ ಮತ್ತೆ ಚಾಲೂ ಮಾಡಬೇಕಿತ್ತು. ಗೇರು, ಕ್ಲಚ್ಚು ಭಾರ ತಡೆಯುತ್ತಿರಲಿಲ್ಲ. ಎಂಜಿನ್ ನೇರವಾಗಿ ಗಾಲಿ ತಿರುಗಿಸುವ ಬದಲು ಕರೆಂಟು ಹುಟ್ಟಿಸಲಿ, ಆ ಕರೆಂಟು ಮೋಟರನ್ನು ತಿರುಗಿಸಲಿ ಅನ್ನುವ ದಾರಿ ಹೆಚ್ಚು ಬಾಳಿಕೆಯದ್ದಾಯಿತು. ಸ್ವೀಡನ್ನಿನಲ್ಲಿ 1913ರ ಸುಮಾರಿಗೇ ಡೀಸೆಲ್ ಎಂಜಿನ್ನಿನಿಂದ ಕರೆಂಟು ಹುಟ್ಟಿಸಿ ಓಡುವ ರೈಲ್‌ಕಾರ್ ಹಳಿಗೆ ಇಳಿದಿತ್ತು.

ಈ ದಾರಿಯಲ್ಲಿ ಬಂದ ಒಂದು ಕಂಪನಿಯ ಕಥೆ ನಮಗೆ ಹತ್ತಿರದ್ದು. 1922ರಲ್ಲಿ ಲಾರಿ ಮಾರುತ್ತಿದ್ದ ಹೆರಾಲ್ಡ್ ಹ್ಯಾಮಿಲ್ಟನ್ ಎಂಬಾತ ಎಲೆಕ್ಟ್ರೋ ಮೋಟಿವ್ ಅನ್ನುವ ಕಂಪನಿ ತೆಗೆದ. ಅದು ಮೊದಲು ಮಾಡಿದ್ದು ಇಂಥ ಒಂಟಿ ಬೋಗಿ ರೈಲ್‌ಕಾರುಗಳನ್ನೇ, ನಷ್ಟದ ಸಣ್ಣ ಮಾರ್ಗಗಳಿಗೆ. 1930ರಲ್ಲಿ ಜನರಲ್ ಮೋಟರ್ಸ್ ಅದನ್ನು ಕೊಂಡಿತು. ರೈಲ್‌ಕಾರಿನಲ್ಲಿ ಕಲಿತದ್ದನ್ನೇ ದೊಡ್ಡದು ಮಾಡಿ ಡೀಸೆಲ್ ಲೋಕೋ, ಅಂದರೆ ಬೋಗಿಗಳನ್ನು ಎಳೆಯುವ ಎಂಜಿನ್, ಮಾಡಿತು. ಅದೇ ಕಂಪನಿಯ ವಿನ್ಯಾಸದ ಡಬ್ಲ್ಯೂಡಿಜಿ–4 ಎಂಜಿನ್ನುಗಳು 1999ರಿಂದ ನಮ್ಮ ದೇಶಕ್ಕೆ ಬಂದವು, ಹುಬ್ಬಳ್ಳಿ ಶೆಡ್ಡು ಅವುಗಳ ಮನೆಯಾಯಿತು. ತೋರಣಗಲ್ಲು, ಹೊಸಪೇಟೆಯ ಅದಿರು ಗಾಡಿಗಳನ್ನು ವರ್ಷಗಟ್ಟಲೆ ಎಳೆದದ್ದು ಅವೇ. ಬಳ್ಳಾರಿ ಸ್ಟೇಷನ್ನಿನಲ್ಲಿ ಆ ಎಂಜಿನ್ ಗುಡುಗುವುದನ್ನು ಕೇಳಿದವರಿಗೆ ಅದರ ಮೂಲ ಒಂದು ಬೋಗಿಯ ಹಳ್ಳಿ ಗಾಡಿ ಅಂದರೆ ನಂಬುವುದು ಕಷ್ಟ.

1920ರ ನಂತರ ಟ್ರಾಮಿನ ಜಾಗಕ್ಕೆ ಬಸ್ಸು ಬಂತು. ಬಸ್ಸು ಮನೆ ಮುಂದೆ ನಿಲ್ಲುತ್ತದೆ, ರೈಲು ಊರ ಹೊರಗೆ. ಐರ್ಲೆಂಡಿನ ಡೊನೆಗಲ್ ಕೌಂಟಿಯಲ್ಲಿ ಮೂರು ಅಡಿ ಅಗಲದ ಹಳಿಯ ಒಂದು ಬಡ ರೈಲ್ವೆ ಇತ್ತು. ಅದರ ಮ್ಯಾನೇಜರ್ ಹೆನ್ರಿ ಫೋರ್ಬ್ಸ್ ಬಸ್ಸಿಗೆ ಎದುರಾಗಿ ಬಸ್ಸಿನ ಹಾಗೇ ರೈಲು ಓಡಿಸಿದ. 1931ರಲ್ಲಿ ಡೀಸೆಲ್ ರೈಲ್‌ಕಾರ್ ತಂದ. ಬ್ರಿಟಿಷ್ ದ್ವೀಪಗಳಲ್ಲೇ ಮೊದಲನೆಯದು. ಗೇಟಿನ ಹತ್ತಿರ ಕೈ ಮಾಡಿದರೂ ಗಾಡಿ ನಿಲ್ಲುತ್ತಿತ್ತು. ಆ ರೈಲ್ವೆ 1959ರ ಕೊನೆಯವರೆಗೆ ಬದುಕಿತು. ಸುತ್ತಲಿನ ಎಷ್ಟೋ ಸಣ್ಣ ಮಾರ್ಗಗಳು ಅದಕ್ಕಿಂತ ಮೊದಲೇ ಮುಚ್ಚಿದ್ದವು.

ಅದೇ ಹೊತ್ತಿನಲ್ಲಿ ನಮ್ಮ ಸೀಮೆಯಲ್ಲಿ ಏನಾಯ್ತು ಗೊತ್ತಾ? ಆಗ ರಾಯಚೂರು, ಕೊಪ್ಪಳ ಎಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನ. ಅಲ್ಲಿನ ರೈಲ್ವೆ ಬಸ್ಸಿಗೆ ಎದುರು ನಿಲ್ಲುವ ಬದಲು ತಾನೇ ಬಸ್ಸು ಕೊಂಡಿತು. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳಿಂದ ಶುರುವಾಯ್ತು. ಮುಂದೆ ಆಂಧ್ರದ ಸಾರಿಗೆ ಸಂಸ್ಥೆ ಬೆಳೆದದ್ದು ಅದರಿಂದಲೇ. ಹಳಿ ಇಲ್ಲದ ಊರಿಗೆ ಸಾಗುವ ಕೆಲಸವನ್ನು ಇಲ್ಲಿ ಮೊದಲಿನಿಂದ ಬಸ್ಸಿಗೇ ಒಪ್ಪಿಸಿದ್ದರು ಅಂತ ನಾನು ಹೇಳುವುದು ಈ ಕಾರಣಕ್ಕೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿ 1950ರಲ್ಲಿ ನಾಲ್ಕು ಗಾಲಿಯ ಕೆಂಪು ರೈಲು ಬಸ್ಸು ತಂದಿತು. ನೂರಾರು ಮಾಡಿದರು. ಹಳ್ಳಿ ಮಾರ್ಗಗಳ ಜೀವ ಉಳಿಸಿದ ಗಾಡಿ ಅಂತಲೇ ಅಲ್ಲಿ ಅದಕ್ಕೆ ಹೆಸರು. ಇಂಗ್ಲೆಂಡ್ 1958ರಲ್ಲಿ ಅದನ್ನು ನೋಡಿ ಬರೀ 22 ರೈಲು ಬಸ್ಸು ಮಾಡಿಸಿತು, ಅದೂ ಐದು ಬೇರೆ ಬೇರೆ ಕಂಪನಿಗಳಿಂದ. ಒಂದರ ಬಿಡಿಭಾಗ ಇನ್ನೊಂದಕ್ಕೆ ಆಗದು. ಸಾಯುತ್ತಿದ್ದ ಮಾರ್ಗಗಳಿಗೆ ಹಾಕಿ, ಹತ್ತು ವರ್ಷದೊಳಗೆ ಗಾಡಿಯನ್ನೂ ತೆಗೆದರು, ಹೆಚ್ಚಿನ ಮಾರ್ಗಗಳನ್ನೂ ಮುಚ್ಚಿದರು.

ನಮ್ಮ ದೇಶಕ್ಕೆ ಬರೋಣ. ಕಾಲ್ಕಾ–ಶಿಮ್ಲಾ ಬೆಟ್ಟದ ಮಾರ್ಗದಲ್ಲಿ 1920ರ ದಶಕದ ಪುಟ್ಟ ಬಿಳಿ ರೈಲ್‌ಕಾರುಗಳು ಬಹಳ ಪ್ರಸಿದ್ಧ. ಅವು ಸಾಹೇಬರಿಗೆ. ಸಾಮಾನ್ಯರ ರೈಲು ಬಸ್ಸು ಬಂದದ್ದು 1994ರಲ್ಲಿ, ರಾಜಸ್ಥಾನದ ಮೇಡ್ತಾ ರೋಡ್–ಮೇಡ್ತಾ ಸಿಟಿ ನಡುವಿನ ತುಂಡು ಮಾರ್ಗದಲ್ಲಿ. ಆಗ ರೈಲ್ವೆ ಮಂತ್ರಿ ಚಳ್ಳಕೆರೆಯ ಸಿ.ಕೆ. ಜಾಫರ್ ಷರೀಫ್. ಗಾಡಿ ಮಾಡಿದ್ದು ಬೆಂಗಳೂರಿನ ಬಿಇಎಂಎಲ್. ನಮ್ಮ ರಾಜ್ಯದಲ್ಲಿ ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿಯ) ಮಾರ್ಗಕ್ಕೂ, ಬಂಗಾರಪೇಟೆ–ಕೋಲಾರ ಮಾರ್ಗಕ್ಕೂ ರೈಲು ಬಸ್ಸು ಸಿಕ್ಕಿತು. ನಿಮ್ಮ ಮಾವ ಸಾಗರದಲ್ಲಿ ಹತ್ತಿದ್ದು ಅದೇ ತಾಳಗುಪ್ಪದ ಗಾಡಿ. ಆಂಧ್ರದ ಕಾಕಿನಾಡ–ಕೋಟಿಪಲ್ಲಿ ಮಾರ್ಗದಲ್ಲಿ 2004ರ ನಂತರ ಓಡಿದ ರೈಲು ಬಸ್ಸಿನಲ್ಲಿ ಗೇಟು ಕಾಯುವವರೂ ಗಾಡಿಯಲ್ಲೇ ಬರುತ್ತಿದ್ದರು. ರಸ್ತೆ ಬಂದಾಗ ಗಾಡಿ ನಿಲ್ಲಿಸಿ, ಇಳಿದು, ಗೇಟು ಹಾಕಿ, ಗಾಡಿ ದಾಟಿದ ಮೇಲೆ ಗೇಟು ತೆಗೆದು ಮತ್ತೆ ಹತ್ತುವುದು. ಎಲ್ಲಾ ಗೇಟಿಗೂ ಹೀಗೇ. ಕಷ್ಟಪಟ್ಟು ಖರ್ಚು ಉಳಿಸಿದ್ದು ನಿಜ. ಆದರೆ ಬೈಕಿನವರು ಪಕ್ಕದ ರಸ್ತೆಯಲ್ಲಿ ದಾಟಿ ಹೋಗುವಷ್ಟು ನಿಧಾನ ಆದಾಗ ಯಾರು ಹತ್ತುತ್ತಾರೆ ಹೇಳಿ.

ಇಲ್ಲೇ ನಮ್ಮ ರೈಲು ಬಸ್ಸುಗಳ ನಿಜವಾದ ಸೋಲು ಇರುವುದು. ಹೆಚ್ಚು ಟ್ರಿಪ್ ಹೊಡೆಯಲಿಕ್ಕೆ ಅಂತ ಹುಟ್ಟಿದ ಗಾಡಿಯನ್ನು ನಾವು ಮಾರ್ಗ ಮುಚ್ಚದ ಹಾಗೆ ಸುಮ್ನೆ ಒಂದೆರಡು ಟ್ರಿಪ್ಪಿಗೆ ಬಳಸಿದೆವು. ಗಾಡಿ ಸಣ್ಣದಾದರೆ ಡೀಸೆಲ್ ಉಳಿಯುತ್ತದೆ. ಹಳಿ, ಸೇತುವೆ, ಗೇಟು, ಸಿಗ್ನಲ್ಲಿನ ಖರ್ಚು ಒಂದು ರೂಪಾಯಿಯೂ ಇಳಿಯುವುದಿಲ್ಲ. ಆ ಖರ್ಚು ದಿನಕ್ಕೆ ಎರಡು ಟ್ರಿಪ್ಪಿಗೆ ಹಂಚಿದರೆ ನಷ್ಟ, ಹತ್ತು ಟ್ರಿಪ್ಪಿಗೆ ಹಂಚಿದರೆ ಲೆಕ್ಕವೇ ಬೇರೆ.

ಇನ್ನು ನಮ್ಮ ಕಡೆ ಯಾಕೆ ಬರಲಿಲ್ಲ ಅನ್ನುವುದು. ಬಳ್ಳಾರಿ–ಹೊಸಪೇಟೆ–ಕೊಪ್ಪಳ–ಗದಗ ಮಾರ್ಗವನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು. ಅದು ಯಾವತ್ತೂ ತುಂಡು ಮಾರ್ಗ ಆಗಿರಲಿಲ್ಲ, ಸಾಮಾನು ಸಾಗಣೆಯ ಹೆದ್ದಾರಿ. ಇವತ್ತು ಅಲ್ಲಿ 58 ವ್ಯಾಗನ್ನಿನ, ಐದು ಸಾವಿರ ಟನ್ ಆಸುಪಾಸಿನ ಅದಿರು ಗಾಡಿಗಳು ಒಂದರ ಹಿಂದೆ ಒಂದು ಓಡುತ್ತವೆ. ಅವುಗಳ ನಡುವೆ ನಾಲ್ಕು ಗಾಲಿಯ ಹಗುರ ಗಾಡಿ ಬಿಡುವುದು ಸುರಕ್ಷಿತ ಅಲ್ಲ. ಡಿಕ್ಕಿಯ ಭಯ ಒಂದು. ಇನ್ನೊಂದು ಸಿಗ್ನಲ್ಲಿನದು. ಹಳಿಯಲ್ಲಿ ಸಣ್ಣ ಕರೆಂಟು ಹರಿಯುತ್ತಿರುತ್ತದೆ. ಗಾಡಿಯ ಗಾಲಿ ಮತ್ತು ಅಚ್ಚು ಎರಡೂ ಹಳಿಗಳನ್ನು ಜೋಡಿಸಿದಾಗ ಇಲ್ಲಿ ಗಾಡಿ ಇದೆ ಅಂತ ಸಿಗ್ನಲ್ಲಿಗೆ ಗೊತ್ತಾಗುತ್ತದೆ. ಹಳಿ ತುಕ್ಕು ಹಿಡಿದಿದ್ದು, ಗಾಡಿ ಹಗುರಾಗಿದ್ದು, ಗಾಲಿ ನಾಲ್ಕೇ ಇದ್ದರೆ ಆ ಜೋಡಣೆ ಸರಿಯಾಗಿ ಆಗದಿರಬಹುದು. ಗಾಡಿ ಇದ್ದೂ ಇಲ್ಲ ಅಂತ ತೋರಿಸಿದರೆ ಮುಂದಿನದು ಊಹಿಸಿಕೊಳ್ಳಿ. ಅದಕ್ಕೇ ರೈಲು ಬಸ್ಸನ್ನು ಬೇರೆ ಗಾಡಿ ಇಲ್ಲದ ತುಂಡು ಮಾರ್ಗಕ್ಕಷ್ಟೇ ಇಟ್ಟುಕೊಳ್ಳುತ್ತಾರೆ.

ತುಂಡು ಮಾರ್ಗ ಅಂತ ನಮ್ಮಲ್ಲಿ ಇದ್ದದ್ದು ಹೊಸಪೇಟೆ–ಕೊಟ್ಟೂರು. 1990ರ ದಶಕದಲ್ಲಿ ಮೀಟರ್‌ಗೇಜ್ ಕಿತ್ತು ಅಗಲ ಹಳಿಯ ಬ್ರಾಡ್‌ಗೇಜ್ ಹಾಕಿದರು. ಅದಿರು ಸಾಗಿತು, ಜನರ ಗಾಡಿ ಮಾತ್ರ ಎರಡು ದಶಕಕ್ಕೂ ಹೆಚ್ಚು ಕಾಲ ಬರಲಿಲ್ಲ. ಹಗರಿಬೊಮ್ಮನಹಳ್ಳಿ, ಕೊಟ್ಟೂರಿನ ಜನ ಹೋರಾಡುತ್ತಲೇ ಇದ್ದರು. 2019ರಲ್ಲಿ ಹರಿಹರದವರೆಗೆ ಪ್ಯಾಸೆಂಜರ್ ಶುರುವಾಯ್ತು. ಆ ಖಾಲಿ ವರ್ಷಗಳಲ್ಲಿ ಅಲ್ಲಿ ಒಂದು ರೈಲ್‌ಕಾರ್ ಓಡಬೇಕಿತ್ತು ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಹೀಗೆ ಹೇಳಲು ಕಾರಣ ಇದೆ. ಜರ್ಮನಿಯ ಬೋಬ್ಲಿಂಗೆನ್–ಡೆಟ್ಟನ್‌ಹೌಸನ್ ನಡುವೆ 17 ಕಿಲೋಮೀಟರಿನ ಒಂದು ಮಾರ್ಗ ಇದೆ. 1966ರಲ್ಲಿ ಜನರ ಗಾಡಿ ನಿಲ್ಲಿಸಿದ್ದರು. 30 ವರ್ಷದ ಮೇಲೆ, 1996ರ ಡಿಸೆಂಬರಿನಲ್ಲಿ, ಅಲ್ಲಿನ ಸ್ಥಳೀಯ ಆಡಳಿತಗಳು ಸೇರಿ ಹೊಸ ಡೀಸೆಲ್ ರೈಲ್‌ಕಾರ್ ತಂದು ಅರ್ಧ ಗಂಟೆಗೊಂದು ಓಡಿಸಿದವು. ಅಂದಾಜು ಮಾಡಿದ್ದಕ್ಕಿಂತ ಬಹಳ ಜಾಸ್ತಿ ಜನ ಹತ್ತಿದರು. ಕಡೆಗೆ ರೈಲ್‌ಕಾರ್ ಸಾಲದೆ ಕರೆಂಟು ಎಳೆದು, ಕೆಲವು ಕಡೆ ಜೋಡಿ ಹಳಿ ಹಾಕಿ, 2019ರಲ್ಲಿ ಮತ್ತೆ ಶುರು ಮಾಡಿದರು. ಅಲ್ಲಿ ಜನರನ್ನು ಕರೆತಂದದ್ದು ಅರ್ಧ ಗಂಟೆಗೊಮ್ಮೆ ಗಾಡಿ ಇದೆ ಅನ್ನುವ ಭರವಸೆ. ಟೈಮ್‌ಟೇಬಲ್ ನೋಡದೆ ಸ್ಟೇಷನ್ನಿಗೆ ಹೋಗಬಹುದಿತ್ತು.

ಈಗ ಕುಕನೂರಿನ ಮೇಲೆ ಹೋಗುವ ನಿಮ್ಮ ಕುಷ್ಟಗಿ ಮಾರ್ಗ, ಮತ್ತು ಗಿಣಿಗೇರಾದಿಂದ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನವರೆಗೆ ಬಂದಿರುವ ಮಾರ್ಗ. ಎರಡನೆಯದಕ್ಕೆ ಮಂಜೂರಾತಿ ಸಿಕ್ಕಿದ್ದು 1997–98ರಲ್ಲಿ. ಎರಡೂ ಸದ್ಯಕ್ಕೆ ಹೊಸಪೇಟೆ–ಗದಗ ಮಾರ್ಗದಿಂದ ಕವಲೊಡೆದ ಟೊಂಗೆಗಳು. ರೈಲ್‌ಕಾರಿಗೆ ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ, ಅಲ್ವಾ? ಆದರೂ ನಾನು ರೈಲು ಬಸ್ಸು ಕೇಳಿ ಅನ್ನುವುದಿಲ್ಲ.

ಯಾಕಂದರೆ ಹುಲಿಗಿ. ಅದರ ಪಕ್ಕದ ಮುನಿರಾಬಾದ್ ಸ್ಟೇಷನ್ನಿಗೆ ಹುಣ್ಣಿಮೆಯ ದಿನ ಬಂದು ನೋಡಿ. ಹುಲಿಗೆಮ್ಮನ ದರ್ಶನಕ್ಕೆ ಬಂದವರು ಬುತ್ತಿ ಗಂಟು, ಮಕ್ಕಳನ್ನು ಹೆಗಲ ಮೇಲೆ ಹೊತ್ತು ಪ್ಲಾಟ್‌ಫಾರ್ಮ್ ತುಂಬ ನಿಂತಿರುತ್ತಾರೆ. ದೊಡ್ಡ ಗಾಡಿಯ ಬಾಗಿಲಿಗೇ ಜನ ನೇತಾಡುತ್ತಾರೆ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಆಮೇಲೆ ಕೊಟ್ಟೂರೇಶ್ವರನ ತೇರು. ಆವತ್ತು ಒಂದು ಬೋಗಿಯ ಗಾಡಿ ಬಂದರೆ ಏನು ಗತಿ? 99 ಉಗಿ ರೈಲ್‌ಕಾರ್ ಕಟ್ಟಿದ ಕಂಪನಿ ಎಡವಿದ ಕಲ್ಲೇ ಇದು. ಮಾಮೂಲಿ ದಿನಕ್ಕೆ ಸಾಕಾಗುವ, ಜಾತ್ರೆಯ ದಿನಕ್ಕೆ ಬೆಳೆಯುವ ಗಾಡಿ ನಮಗೆ ಬೇಕು.

ಅದು ಡೆಮು ಮತ್ತು ಮೆಮುವಿನಲ್ಲಿ ಸಿಗುತ್ತದೆ. ಡೆಮು ಶುರುವಾದದ್ದೂ 1994ರಲ್ಲೇ, ಪಂಜಾಬಿನ ಜಲಂಧರ್–ಹೋಶಿಯಾರ್‌ಪುರ ನಡುವೆ. ಚೆನ್ನೈನ ಐಸಿಎಫ್ ಕಾರ್ಖಾನೆಯ ಬೋಗಿ, 700 ಅಶ್ವಶಕ್ತಿಯ ಎಂಜಿನ್. ನಮ್ಮ ಪಕ್ಕದಲ್ಲೇ 2013ರಲ್ಲಿ ಗದ್ವಾಲ–ರಾಯಚೂರು ಹೊಸ ಮಾರ್ಗ ತೆರೆದಾಗ ಅಲ್ಲಿ ಓಡಿದ್ದೂ ಡೆಮುವೇ. ಅದರ ಒಂದು ಕೊರತೆ ಹೇಳಬೇಕು. ಎಂಜಿನ್ ಬೋಗಿಯಲ್ಲಿ ದೊಡ್ಡ ಜಾಗ ಎಂಜಿನ್ನಿಗೇ ಹೋಗುತ್ತದೆ. ಅದರ ಹತ್ತಿರ ಕೂತರೆ ಸದ್ದು, ಶಾಖ, ಡೀಸೆಲ್ ವಾಸನೆ. ಬೇಸಿಗೆಯಲ್ಲಿ ನಮ್ಮ ಬಿಸಿಲಿಗೆ ಅದು ಬೇಡವೇ ಬೇಡ.

ಮೆಮುವಿಗೆ ಆ ತೊಂದರೆ ಇಲ್ಲ. ಒಂದು ಮೋಟರ್ ಬೋಗಿ, ಮೂರು ಸಾದಾ ಬೋಗಿ, ಒಟ್ಟು ನಾಲ್ಕರ ಒಂದು ಘಟಕ. ಎರಡು ಸೇರಿಸಿದರೆ ಎಂಟು, ಮೂರು ಸೇರಿಸಿದರೆ ಹನ್ನೆರಡು. ಹುಣ್ಣಿಮೆಗೆ ಹನ್ನೆರಡು, ಮಾಮೂಲಿ ದಿನಕ್ಕೆ ನಾಲ್ಕೋ ಎಂಟೋ. ಮೋಟರ್ ಗಾಲಿಗಳು ಗಾಡಿಯ ಉದ್ದಕ್ಕೂ ಹಂಚಿಕೊಂಡಿರುವುದರಿಂದ ಬೇಗ ಓಟ ಹಿಡಿಯುತ್ತದೆ. ಭಾನಾಪುರ, ಬನ್ನಿಕೊಪ್ಪ, ತಳಕಲ್ ಹೀಗೆ ಎಲ್ಲಾ ಕಡೆ ನಿಂತು ಹೊರಡುವ ಗಾಡಿಗೆ ಇದು ಬಹಳ ಮುಖ್ಯ. ಒಂದೊಂದು ಸ್ಟೇಷನ್ನಿನಲ್ಲಿ ಉಳಿದ ನಿಮಿಷ ಸೇರಿ ಅದಿರು ಗಾಡಿಗಳ ನಡುವೆ ಜಾಗ ಸಿಗುತ್ತದೆ. ಬಳ್ಳಾರಿ–ಗದಗ ಮಾರ್ಗಕ್ಕೆ ಈಗ ಕರೆಂಟಿನ ತಂತಿ ಬಂದಿದೆ. ತಂತಿಯ ಕೆಳಗೆ ಹೊಸದಾಗಿ ಡೀಸೆಲ್ ಗಾಡಿ ಕೊಡಿ ಅಂದರೆ ರೈಲ್ವೆಯವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಹಾಗಾಗಿ ಮನವಿ ಬರೆಯುವಾಗ ರೈಲು ಬಸ್ಸು ಬೇಕು ಅಂತ ಬರೆಯಬೇಡಿ. ಕುಷ್ಟಗಿ–ಗದಗ ನಡುವೆ ಮೆಮು ಬೇಕು, ಬೆಳಿಗ್ಗೆ ಕಚೇರಿ, ಕಾಲೇಜಿನ ಹೊತ್ತಿಗೆ ಎರಡು, ಮಧ್ಯಾಹ್ನ ಒಂದು, ಸಂಜೆ ಎರಡು ಅಂತ ಸಮಯ ಸಮೇತ ಬರೆಯಿರಿ. ಮಾರ್ಗದ ಕೊನೆಗೆ ತಂತಿ ಇನ್ನೂ ಬಂದಿಲ್ಲದ ಕಡೆ, ಬರುವವರೆಗೆ ಡೆಮು ಸಾಕು ಅಂತ ಸೇರಿಸಿ. ಯಲಬುರ್ಗಾ, ಕುಕನೂರಿನಿಂದ ದಿನಾ ಎಷ್ಟು ಜನ ಬಸ್ಸಿನಲ್ಲಿ ಗದಗಿಗೆ ಹೋಗುತ್ತಾರೆ ಅಂತ ಬಸ್ ನಿಲ್ದಾಣದಲ್ಲಿ ಒಂದು ವಾರ ನಿಂತು ಎಣಿಸಿ, ಆ ಪಟ್ಟಿ ಲಗತ್ತಿಸಿ. ಗಾಡಿ ಎಲ್ಲಿ ತೊಳೆಯಬೇಕು, ಯಾವ ಶೆಡ್ಡಿಗೆ ಹೋಗಬೇಕು ಅನ್ನುವುದು ಅವರ ಮೊದಲ ಆಕ್ಷೇಪ ಆಗಿರುತ್ತದೆ. ಅದಕ್ಕೆ ದೊಡ್ಡ ಜಂಕ್ಷನ್ ಹುಬ್ಬಳ್ಳಿಯೇ ಹತ್ತಿರ. ರಾತ್ರಿಯ ಕೊನೆಯ ಟ್ರಿಪ್ ಅಲ್ಲಿಗೆ ಹೋಗಿ, ಬೆಳಗಿನ ಮೊದಲನೆಯದು ಅಲ್ಲಿಂದ ಹೊರಡುವ ಹಾಗೆ ನೀವೇ ವೇಳಾಪಟ್ಟಿ ಹಾಕಿ ಕೊಡಿ.